ಹತ್ತು ನಿಮಿಷದ ಮಾತಿನಲ್ಲಿ ಏನು ಉಳಿಯಬೇಕು?

ಮೇಷ್ಟ್ರು: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಒಂದು ಸ್ಪರ್ಧೆ ಶುರುವಾಯಿತಲ್ಲಮ್ಮ, ಪಿಎಚ್.ಡಿ. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನೆಲ್ಲ ಮೂರು ನಿಮಿಷದಲ್ಲಿ, ಒಂದೇ ಚಿತ್ರಪಟ ಇಟ್ಟುಕೊಂಡು ಹೇಳಿ ಮುಗಿಸಬೇಕು ಎಂದು. ಆಗ ಆ ನಾಡಿನಲ್ಲಿ ಕಡುಬರ. ಸ್ನಾನ ಬೇಗ ಮುಗಿಸಲೆಂದು ಜನ ಬಚ್ಚಲುಮನೆಯ ಗೋಡೆಗೆ ಮೂರು ನಿಮಿಷದ ಮರಳುಗಡಿಯಾರ ಅಂಟಿಸಿಕೊಂಡಿದ್ದರು. ಅದರಿಂದಲೇ ಈ ಸ್ಪರ್ಧೆಯ ಯೋಚನೆ ಹುಟ್ಟಿತು ಎಂದು ವಿಶ್ವವಿದ್ಯಾಲಯದವರೇ ಬರೆದುಕೊಂಡಿದ್ದಾರೆ. ಎಂಬತ್ತು ಸಾವಿರ ಪದಗಳ ಪ್ರಬಂಧವನ್ನು ಓದಿ ಹೇಳಲು ಒಂಬತ್ತು ಗಂಟೆ ಬೇಕು, ನಿಮಗಿರುವುದು ಮೂರು ನಿಮಿಷ ಎಂಬುದು ಅವರ ಘೋಷಣೆ. ಈಗ ಹವಾಮಾನ, ಪರಿಸರ, ಕಾಡು, ಕೆರೆ ಯಾವುದನ್ನು ಅಧ್ಯಯನ ಮಾಡುವವರಿಗೂ ಇಂಥದೇ ವೇದಿಕೆ. ಹೆಚ್ಚೆಂದರೆ ಹತ್ತು ನಿಮಿಷ, ಹದಿನೈದು ನಿಮಿಷ. ಬರಗಾಲದಲ್ಲಿ ನೀರನ್ನು ಅಳೆದು ಬಳಸುವುದು ನ್ಯಾಯವೇ. ಆದರೆ ಆ ಬರ ಏಕೆ ಬಂತು, ಮುಂದೆ ಹೆಚ್ಚುತ್ತದೆಯೇ ಎಂಬುದನ್ನು ವಿವರಿಸುವ ಮಾತನ್ನೂ ಹಾಗೆ ಅಳೆದು ಕೊಟ್ಟರೆ ಕೇಳುವವನಿಗೆ ಸಿಕ್ಕುವುದೇನು? ಸಾಗರದ ಬಿಸಿ, ಮೋಡ, ಮಣ್ಣಿನ ತೇವ, ಗಾಳಿಯಲ್ಲಿ ತೇಲುವ ಧೂಳು ಇಷ್ಟೂ ಒಂದಕ್ಕೊಂದು ಹೆಣೆದುಕೊಂಡ ವಿಷಯ ಇದು. ಎಳೆ ಬಿಡಿಸುವಷ್ಟರಲ್ಲಿ ಗಂಟೆ ಬಾರಿಸುತ್ತಾರೆ.

ಸಂಶೋಧಕಿ: ಮೊಟಕು ಮಾಡಿದರೆ ಬಹಳಷ್ಟು ಹೋಗುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ ಮೇಷ್ಟ್ರೇ. ಏನನ್ನು ಬಿಡುತ್ತೇವೆ, ಏನನ್ನು ಉಳಿಸುತ್ತೇವೆ ಎಂಬುದರಲ್ಲಿ ನನ್ನ ವಾದ ಇದೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಅಳತೆ ಮಾಡಿದ ಬಗೆಯನ್ನು ಮೊದಲು ಕತ್ತರಿಸುತ್ತಾರೆ, ತೀರ್ಮಾನವನ್ನು ಉಳಿಸುತ್ತಾರೆ. ಕೇಳುಗರಿಗೆ ಬೇಕಾಗಿರುವುದು ತೀರ್ಮಾನವೇ ಎಂದು ನಂಬಿಕೆ. ಇದು ತಲೆಕೆಳಗಾಗಬೇಕು ಎನ್ನುತ್ತೇನೆ. ಹತ್ತು ನಿಮಿಷದಲ್ಲಿ ಹತ್ತು ತೀರ್ಮಾನ ಹೇಳುವ ಬದಲು ಒಂದೇ ತೀರ್ಮಾನ ಇಟ್ಟುಕೊಂಡು, ಅದು ನಮಗೆ ಗೊತ್ತಾದದ್ದು ಹೇಗೆ ಎಂಬುದಕ್ಕೆ ಉಳಿದ ಸಮಯ ಕೊಡಬೇಕು. ಇಲ್ಲದಿದ್ದರೆ ಏನಾಗುತ್ತದೆ ಎನ್ನಲು ನಮ್ಮ ಹಿಮಾಲಯದ್ದೇ ಉದಾಹರಣೆ ಇದೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಎಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2007ರ ವರದಿಯಲ್ಲಿ ಬಂತು. ಅದರ ಮೂಲ ಹುಡುಕಿದರೆ 1999ರಲ್ಲಿ ವಿಜ್ಞಾನ ನಿಯತಕಾಲಿಕವೊಂದರ ಸುದ್ದಿಯಲ್ಲಿ ಬಂದ ಒಂದು ಹೇಳಿಕೆ. ಆ ಹೇಳಿಕೆ 2005ರಲ್ಲಿ ವನ್ಯಜೀವಿ ಸಂರಕ್ಷಣಾ ಸಂಸ್ಥೆಯೊಂದರ ವರದಿಗೆ ಹೋಯಿತು, ಅಲ್ಲಿಂದ ಅಂತರಸರ್ಕಾರಿ ಸಮಿತಿಯ ವರದಿಗೆ. ಒಂದು ಹಿಮನದಿಯ ದಪ್ಪವೆಷ್ಟು, ವರ್ಷಕ್ಕೆ ಎಷ್ಟು ಕರಗುತ್ತಿದೆ, ಆ ವೇಗದಲ್ಲಿ ಪೂರ್ತಿ ಕರಗಲು ಎಷ್ಟು ಕಾಲ ಬೇಕು ಎಂಬ ಲೆಕ್ಕ ಆ ಹೇಳಿಕೆಯ ಜೊತೆಗೆ ಬರಲಿಲ್ಲ. ಬಂದಿದ್ದರೆ ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ಅಷ್ಟು ಬೇಗ ಮಾಯವಾಗಲಾರದು ಎಂಬುದು ಕಾಗದ ಪೆನ್ಸಿಲ್ ಇದ್ದವರಿಗೂ ಹೊಳೆಯುತ್ತಿತ್ತು. 2010ರ ಜನವರಿಯಲ್ಲಿ ಸಮಿತಿ ತಪ್ಪೊಪ್ಪಿಕೊಂಡಿತು. ಹಿಮನದಿಗಳು ಕರಗುತ್ತಿರುವುದು ನಿಜವೇ, ಆದರೆ ಆ ಒಂದು ಇಸವಿಯ ದೆಸೆಯಿಂದ ನಿಜವಾದ ಅಳತೆಗಳನ್ನೂ ಜನ ಅನುಮಾನದಿಂದ ನೋಡುವಂತಾಯಿತು.

ಮೇಷ್ಟ್ರು: ಇದು ನನ್ನ ಮಾತಿಗೇ ಬಲ ಕೊಡುತ್ತದಲ್ಲ! ಚುಟುಕು ಹೇಳಿಕೆಯೇ ಅನಾಹುತಕ್ಕೆ ಕಾರಣ.

ಸಂಶೋಧಕಿ: ಚುಟುಕಾಗಿದ್ದುದೇ ಕಾರಣವಾಗಿದ್ದರೆ ಉದ್ದದ ವರದಿ ಅದನ್ನು ತಡೆಯಬೇಕಿತ್ತು. ಆ ತಪ್ಪು ಅಚ್ಚಾದದ್ದು ಸಾವಿರ ಪುಟದ ಹತ್ತಿರ ಬರುವ ಸಂಪುಟದಲ್ಲಿ, ತಜ್ಞರ ಪರಿಶೀಲನೆ ದಾಟಿಕೊಂಡು. ಉದ್ದವೊಂದೇ ಕಾವಲಾಗಲಾರದು ಎಂದಾಯಿತು. ಅಂಕಿಯ ಜೊತೆಗೆ ಅದನ್ನು ಅಳೆದ ಬಗೆಯೂ ಪ್ರಯಾಣ ಮಾಡಿದ್ದರೆ ಮೂರು ಸಾಲಿನ ಸುದ್ದಿಯಲ್ಲೇ ತಪ್ಪು ಸಿಕ್ಕಿಬೀಳುತ್ತಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆ ಹವಾಯಿಯ ಮೌನಾ ಲೋವಾದ್ದು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದಾಗ ಅದು ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇತ್ತು, ಈಗ 420 ದಾಟಿದೆ. ಈ ಎರಡು ಅಂಕಿ ಹೇಳಿ ಕುಳಿತರೆ ಕೇಳುಗನಿಗೆ ಒಂದು ಭಯವಷ್ಟೇ ಸಿಕ್ಕೀತು. ಆದರೆ ಸಭೆಯಲ್ಲಿ ಬುದ್ಧಿವಂತ ಹುಡುಗನೊಬ್ಬ ಎದ್ದು, ಮೌನಾ ಲೋವಾ ಜ್ವಾಲಾಮುಖಿಯಲ್ಲವೇ, ಅದೇ ಈ ಅನಿಲವನ್ನು ಉಗುಳುತ್ತದಲ್ಲ ಎಂದು ಕೇಳಿದ ಎನ್ನಿ. ಉತ್ತರ ಹೇಳಲು ಎರಡು ನಿಮಿಷ ಸಾಕು. ಜ್ವಾಲಾಮುಖಿಯ ಬಾಯಿಯ ಕಡೆಯಿಂದ ಗಾಳಿ ಬೀಸಿದಾಗ ಮಾಪಕದ ಅಂಕಿ ಏರಿಳಿದು ಕುಣಿಯುತ್ತದೆ, ಸಾಗರದ ಮೇಲಿನಿಂದ ಬೀಸಿದಾಗ ಗಂಟೆಗಟ್ಟಲೆ ಸ್ಥಿರವಾಗಿರುತ್ತದೆ. ಸ್ಥಿರವಾದ ಗಂಟೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಷ್ಟಕ್ಕೂ ನಂಬಿಕೆ ಬಾರದಿದ್ದರೆ ಜ್ವಾಲಾಮುಖಿಗಳಿಂದ ದೂರದ ದಕ್ಷಿಣ ಧ್ರುವದಲ್ಲಿ ಅಳೆದರೂ ಏರಿಕೆ ಅದೇ. 1993ರಿಂದ ನಮ್ಮ ಕಾರವಾರಕ್ಕೆ ದೂರವಲ್ಲದ ಗೋವಾದ ಕಾಬೊ ದ ರಾಮಾದಲ್ಲಿ ಕಡಲ ಗಾಳಿಯನ್ನು ಸೀಸೆಯಲ್ಲಿ ಹಿಡಿದು ಪರೀಕ್ಷಿಸಿದಾಗಲೂ ಕಂಡದ್ದು ಏರಿಕೆಯನ್ನೇ. ಈ ಏರಿಕೆ ಪಳೆಯುಳಿಕೆ ಇಂಧನದ್ದೇ ಎನ್ನಲು ಇನ್ನೊಂದು ಗುರುತಿದೆ: ಕಲ್ಲಿದ್ದಲು, ಪೆಟ್ರೋಲಿಯಂ ಹಳೆಯ ಸಸ್ಯಮೂಲದವಾದ್ದರಿಂದ ಅವುಗಳಲ್ಲಿ ಭಾರದ ಇಂಗಾಲದ, ಎಂದರೆ ತುಸು ಹೆಚ್ಚು ತೂಕದ ಇಂಗಾಲದ ಪರಮಾಣುಗಳ, ಪಾಲು ಕಡಿಮೆ. ಅವನ್ನು ಉರಿಸುತ್ತ ಹೋದಂತೆ ಗಾಳಿಯಲ್ಲೂ ಆ ಪಾಲು ಇಳಿಯುತ್ತಿರುವುದನ್ನು ಅಳೆದಿದ್ದಾರೆ. ಇಷ್ಟು ಕೇಳಿಸಿಕೊಂಡ ಹುಡುಗ ಮನೆಗೆ ಹೋಗಿ ಇನ್ನೊಬ್ಬರೊಡನೆ ವಾದ ಮಾಡಬಲ್ಲ. ಬರಿ 420 ಎಂಬ ಅಂಕಿ ಕೇಳಿದವನು ಅದನ್ನು ನಂಬಬಲ್ಲ ಇಲ್ಲವೇ ನಂಬದಿರಬಲ್ಲ, ಅಷ್ಟೆ.

ಮೇಷ್ಟ್ರು: ಹುಡುಗನ ಮಾತಾಯಿತು. ಬಯಲುಸೀಮೆಯ ಒಬ್ಬ ರೈತನನ್ನು ಕೂರಿಸಿಕೊಂಡು ಮಾಪಕ, ಸೀಸೆ, ಭಾರದ ಇಂಗಾಲ ಎಂದು ಹೇಳಿದರೆ ಅವನು ಎದ್ದು ಹೋಗುತ್ತಾನೆ. ಅವನಿಗೆ ಬೇಕಾದದ್ದು ತೊಗರಿ ಬಿತ್ತಲೋ, ಬೇಡವೋ. ಈ ಸಲ ಮಳೆ ಹೇಗೆ. ಮಗ ಒಕ್ಕಲುತನ ಮಾಡಬಹುದೋ, ಇಲ್ಲವೋ.

ಸಂಶೋಧಕಿ: ಅವನ ವಿಷಯದಲ್ಲೇ ಅಳೆದ ಬಗೆ ಎಲ್ಲಕ್ಕಿಂತ ಮುಖ್ಯ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಧ್ಯ ಭಾರತದ ಮುಂಗಾರು ಮಳೆ, 1951ರಿಂದ 2000ದವರೆಗೆ. ಅವರಿಗೆ ಕಂಡದ್ದು ಮೇಲ್ನೋಟಕ್ಕೆ ವಿಚಿತ್ರ: ಒಟ್ಟು ಮಳೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ, ಆದರೆ ಒಂದೇ ದಿನದಲ್ಲಿ 100 ಮಿಲಿಮೀಟರ್ ಮೀರಿ ಸುರಿಯುವ ಮಳೆಗಳು ಹೆಚ್ಚಿವೆ, ಹದವಾಗಿ ಬೀಳುವ ಮಳೆಗಳು ಕಡಿಮೆಯಾಗಿವೆ. ಹೆಚ್ಚಿದ್ದು ಕಡಿಮೆಯಾದದ್ದನ್ನು ತುಂಬಿಕೊಟ್ಟು ಸರಾಸರಿ ಸಮವಾಗಿ ನಿಂತಿದೆ. ಈಗ ನೋಡಿ, ವೇದಿಕೆ ಹತ್ತಿದವರು ಹವಾಮಾನ ಬದಲಾವಣೆಯಿಂದ ಮಳೆ ಕೆಟ್ಟಿದೆ ಎಂದಷ್ಟೇ ಹೇಳಿದರೆ, ವರ್ಷದ ಮಳೆ ಮೊತ್ತ ಬಲ್ಲ ಒಬ್ಬರು ಎದ್ದು ಮೊತ್ತ ಹಾಗೇ ಇದೆಯಲ್ಲ ಎನ್ನುತ್ತಾರೆ, ಅವರ ಮಾತೂ ಸರಿ. ವಾದ ಅಲ್ಲಿಗೆ ಮುರಿದುಬೀಳುತ್ತದೆ. ಆದರೆ ಮೊತ್ತವನ್ನು ಬಿಟ್ಟು ದಿನದಿನದ ಮಳೆಯನ್ನು ಬೇರೆಬೇರೆಯಾಗಿ ಎಣಿಸಿದೆವು ಎಂದು ಮೊದಲೇ ಹೇಳಿದರೆ ರೈತನಿಗೆ ಅರ್ಥವಾಗದ್ದು ಏನಿದೆ? ಹದಮಳೆಗೂ ಜಡಿಮಳೆಗೂ ಇರುವ ವ್ಯತ್ಯಾಸ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಂದು ಕ್ಷಣಕ್ಕೆ ಬಂದು ಹರಿದುಹೋಗುವ ನೀರು ಬೇರಿಗೆ ಇಳಿಯುವುದಿಲ್ಲ, ಬದು ಒಡೆಯುತ್ತದೆ, ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಕೃಷಿಹೊಂಡ ಎಷ್ಟು ದೊಡ್ಡದಿರಬೇಕು, ಕೆರೆಯ ಕೋಡಿ ಎಷ್ಟು ಅಗಲ ಬೇಕು ಎಂಬ ನಿರ್ಧಾರ ವರ್ಷದ ಸರಾಸರಿಯ ಮೇಲೆ ನಿಲ್ಲದು, ಒಂದು ದಿನದ ಸುರಿತದ ಮೇಲೆ ನಿಲ್ಲುತ್ತದೆ. ಅಳೆದ ಬಗೆಯೇ ಇಲ್ಲಿ ಅವನಿಗೆ ಬೇಕಾದ ಉತ್ತರವನ್ನೂ ಹೊತ್ತು ತಂದಿದೆ. ಇನ್ನೊಂದನ್ನೂ ಹೇಳಲೇಬೇಕು: ಈ ಅಧ್ಯಯನ ಮಧ್ಯ ಭಾರತದ್ದು, ಮಲೆನಾಡು ಕರಾವಳಿಗಳ ಲೆಕ್ಕ ಅದರಲ್ಲಿಲ್ಲ. ಆಗುಂಬೆಯಲ್ಲಿ ಮಾತಾಡುವಾಗ ಇದನ್ನು ಆಗುಂಬೆಯ ಸತ್ಯವೆಂದು ಸಾರಿದರೆ ಅದು ಹಿಮನದಿಯ ಇಸವಿಯಂಥದೇ ತಪ್ಪಾಗುತ್ತದೆ.

ಮೇಷ್ಟ್ರು: ಅದನ್ನೇ ನಾನು ಕೇಳಬೇಕೆಂದಿದ್ದೆ. ಇಲ್ಲಿಗೆ ಅನ್ವಯಿಸದು, ಇಷ್ಟು ಮಾತ್ರ ಖಚಿತ, ಅದರ ಬಗ್ಗೆ ಅನುಮಾನವಿದೆ ಎಂದು ನೀನು ಪ್ರಾಮಾಣಿಕವಾಗಿ ಹೇಳುತ್ತಾ ಹೋದರೆ ಎದುರಾಳಿಗೆ ಆಯುಧ ಕೊಟ್ಟಂತಲ್ಲವೇ? ತಂಬಾಕು ಕಂಪನಿಗಳು ದಶಕಗಳ ಕಾಲ ಮಾಡಿದ್ದೇ ಅದು, ಸಿಗರೇಟಿನಿಂದ ಕ್ಯಾನ್ಸರ್ ಎಂಬುದು ಇನ್ನೂ ಸಾಬೀತಾಗಿಲ್ಲ ಎನ್ನುತ್ತಾ ಕಾಲ ತಳ್ಳಿದರು. ಇಂಧನ ವ್ಯಾಪಾರದವರೂ ಅದೇ ದಾರಿ ಹಿಡಿದರು. ಹತ್ತು ನಿಮಿಷದಲ್ಲಿ ಎರಡು ನಿಮಿಷ ಅನುಮಾನಕ್ಕೆ ಕೊಟ್ಟರೆ ಜನ ಆ ಎರಡು ನಿಮಿಷವನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಸಂಶೋಧಕಿ: ಅನುಮಾನದ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳದಿದ್ದಾಗ ಅದು ಎದುರಾಳಿಯ ಆಯುಧವಾಗುತ್ತದೆ. ಎಲ್ಲೆ ಗುರುತಿಸಿ ಹೇಳಿದರೆ ಹಾಗಾಗದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಕೊನೆಗೆ ಎಷ್ಟು ಬಿಸಿಯಾದೀತು ಎಂಬ ಪ್ರಶ್ನೆ ತೆಗೆದುಕೊಳ್ಳಿ. ಜೂಲ್ ಚಾರ್ನಿ ನೇತೃತ್ವದ ಅಮೆರಿಕದ ಸಮಿತಿ 1979ರಲ್ಲಿ ಒಂದೂವರೆ ಡಿಗ್ರಿಯಿಂದ ನಾಲ್ಕೂವರೆ ಡಿಗ್ರಿ ಎಂದಿತು. ನಾಲ್ಕು ದಶಕ ಕಳೆದು 2021ರ ಅಂತರಸರ್ಕಾರಿ ವರದಿ ಎರಡೂವರೆಯಿಂದ ನಾಲ್ಕು ಡಿಗ್ರಿ ಎಂದಿತು. ಅನುಮಾನ ಇದ್ದೇ ಇದೆ. ಆದರೆ ಅದು ಶೂನ್ಯದ ಕಡೆಗೆ ಜಾರಿಲ್ಲ, ಕೆಳಗಿನ ಅಂಚೇ ಮೇಲಕ್ಕೆ ಸರಿದಿದೆ. ಇಷ್ಟನ್ನು ಬಿಡಿಸಿ ಹೇಳಿದರೆ, ವಿಜ್ಞಾನಿಗಳಿಗೇ ಖಚಿತವಿಲ್ಲ ಎನ್ನುವವನ ಬಾಯಿ ತಾನಾಗಿ ಕಟ್ಟುತ್ತದೆ. ಅನುಮಾನವನ್ನು ಮುಚ್ಚಿಟ್ಟು ಗಟ್ಟಿಯಾಗಿ ಕೂಗಿದರೆ, ಮುಂದೊಂದು ದಿನ ಅದು ಬಯಲಾದಾಗ ಗಟ್ಟಿಯಾಗಿದ್ದ ಭಾಗವೂ ಕುಸಿಯುತ್ತದೆ. ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಬೇರೆ. ಈ ವಿಜ್ಞಾನದ ಇತಿಹಾಸದಲ್ಲಿ ತೀರ್ಮಾನಗಳು ಹಳತಾಗಿವೆ, ಅಳತೆಗಳು ಬಾಳಿವೆ. ಯೂನಿಸ್ ಫೂಟ್ ಎಂಬಾಕೆಯ ಲೇಖನವನ್ನು 1856ರಲ್ಲಿ ಅಮೆರಿಕದ ಆಲ್ಬನಿಯ ವಿಜ್ಞಾನ ಸಮ್ಮೇಳನದಲ್ಲಿ ಜೋಸೆಫ್ ಹೆನ್ರಿ ಮಂಡಿಸಿದರು. ಅಚ್ಚಿನಲ್ಲಿ ಎರಡು ಪುಟವೂ ಇಲ್ಲದ ಲೇಖನ. ಎರಡು ಗಾಜಿನ ಕೊಳವೆ, ಒಳಗೆ ಉಷ್ಣಮಾಪಕ, ಒಂದರಲ್ಲಿ ಸಾಮಾನ್ಯ ಗಾಳಿ, ಇನ್ನೊಂದರಲ್ಲಿ ಇಂಗಾಲದ ಡೈಆಕ್ಸೈಡ್. ಬಿಸಿಲಿಗಿಟ್ಟಾಗ ಎರಡನೆಯದು ಹೆಚ್ಚು ಕಾಯಿತು, ನೆರಳಿಗೆ ತಂದಾಗ ತಣ್ಣಗಾಗಲು ಹೆಚ್ಚು ಹೊತ್ತು ಹಿಡಿಯಿತು. ಬಿಸಿಲಿನ ಶಾಖ ಬೇರೆ, ನೆಲದಿಂದ ಹೊಮ್ಮುವ ಕಾಣದ ಶಾಖ ಬೇರೆ ಎಂದು ಆಕೆಯ ಪ್ರಯೋಗ ಬಿಡಿಸಿ ತೋರಿಸಲಾರದಾಗಿತ್ತು. ಆ ಕೆಲಸ 1859ರಲ್ಲಿ ಲಂಡನ್ನಿನ ಜಾನ್ ಟಿಂಡಾಲ್ ಅವರಿಂದ ಆಯಿತು. ಆದರೂ ಮಾಡಿದ್ದನ್ನು ಮಾಡಿದಂತೆ ಹೇಳಿದ್ದರಿಂದಲೇ ಅಷ್ಟು ಚಿಕ್ಕ ಲೇಖನ ಒಂದೂವರೆ ಶತಮಾನದ ಮೇಲೆ ಮತ್ತೆ ಬೆಳಕಿಗೆ ಬಂದಾಗ ಅದರ ಬೆಲೆಯೆಷ್ಟು, ಮಿತಿಯೇನು ಎರಡನ್ನೂ ತೂಗಲು ಸಾಧ್ಯವಾಯಿತು.

ಗೈ ಕ್ಯಾಲೆಂಡರ್ ಅವರ ಕಥೆ ಇನ್ನೂ ಬೋಧಪ್ರದ. ಅವರು ಹವಾಮಾನ ತಜ್ಞರಲ್ಲ, ಉಗಿಯಂತ್ರಗಳ ಎಂಜಿನಿಯರು. 1938ರಲ್ಲಿ ಲಂಡನ್ನಿನ ರಾಯಲ್ ಮೆಟಿಯೊರಲಾಜಿಕಲ್ ಸೊಸೈಟಿಯ ಮುಂದೆ ಲೇಖನ ಓದಿ, ಜಗತ್ತಿನ ನಾನಾ ಕಡೆಯ ಹವಾಮಾನ ಕೇಂದ್ರಗಳ ಹಳೆಯ ದಾಖಲೆಗಳನ್ನು ಕೂಡಿಸಿ, ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯ ಉರಿಸುತ್ತಿರುವ ಇಂಧನ ಒಂದು ಕಾರಣ ಎಂದರು. ಕೇಳಿದ ದೊಡ್ಡ ದೊಡ್ಡವರು ಒಪ್ಪಲಿಲ್ಲ. ವಾತಾವರಣದ ಚಲನೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಏರಿಕೆ ಆಕಸ್ಮಿಕವಿರಬಹುದು ಎಂದರು. ಅದು ಹಗೆತನದ ಮಾತಾಗಿರಲಿಲ್ಲ, ನ್ಯಾಯವಾದ ಪ್ರಶ್ನೆಗಳೇ ಆಗಿದ್ದವು. ಕ್ಯಾಲೆಂಡರ್ ತಮ್ಮ ತೀರ್ಮಾನದ ಒಂದು ಭಾಗದಲ್ಲಿ ಪೂರ್ತಿ ಎಡವಿದ್ದರು: ಈ ಬಿಸಿ ಮನುಕುಲಕ್ಕೆ ಒಳ್ಳೆಯದು, ಉತ್ತರದ ದೇಶಗಳಲ್ಲಿ ಬೆಳೆ ಹೆಚ್ಚುತ್ತದೆ, ಹಿಮಯುಗ ದೂರ ಸರಿಯುತ್ತದೆ ಎಂದು ನಂಬಿದ್ದರು. ಆದರೆ ಕೈಯಲ್ಲೇ ಲೆಕ್ಕ ಹಾಕಿ ಅವರು ಕಂಡ ತಾಪಮಾನದ ಏರಿಕೆ ಇಂದಿನ ಕಂಪ್ಯೂಟರ್ ಲೆಕ್ಕಗಳಿಗೆ ಆಶ್ಚರ್ಯವಾಗುವಷ್ಟು ಹತ್ತಿರವಿದೆ. ಅಂದು ಅವರು ಅಳತೆಯನ್ನು ಬಿಟ್ಟು ತೀರ್ಮಾನವನ್ನಷ್ಟೇ ಹೇಳಿ ಕುಳಿತಿದ್ದರೆ ಇವತ್ತಿಗೆ ಉಳಿಯುತ್ತಿದ್ದದ್ದು ಬಿಸಿ ಒಳ್ಳೆಯದು ಎಂಬ ಮಾತು ಮಾತ್ರ.

ಮೇಷ್ಟ್ರು: ಕ್ಯಾಲೆಂಡರ್ ಮಾತಾಡಿದ್ದು ಬಲ್ಲವರ ಮುಂದೆ. ಪ್ರಶ್ನೆ ಕೇಳಲು ಅವರಿಗೆ ಅರ್ಹತೆ ಇತ್ತು. ಇಂದಿನ ಕಿರುಭಾಷಣದ ವೇದಿಕೆಯಲ್ಲಿ ಬೆಳಕು, ಕ್ಯಾಮೆರಾ, ಚಪ್ಪಾಳೆ ಎಲ್ಲ ಇದೆ, ಪ್ರಶ್ನೆ ಕೇಳುವುದಕ್ಕೆ ಜಾಗವಿಲ್ಲ. ಚೆನ್ನಾಗಿ ಮಾತಾಡುವವರು ಗೆಲ್ಲುತ್ತಾರೆ, ಚೆನ್ನಾಗಿ ಅಳೆದವರಲ್ಲ. ಇನ್ನೂ ಒಂದಿದೆ. ತಿಳಿವಳಿಕೆ ಹೆಚ್ಚಿದರೆ ನಡವಳಿಕೆ ಬದಲಾಗುತ್ತದೆ ಎಂಬ ನಿಮ್ಮ ನಂಬಿಕೆಯ ಬಗ್ಗೆಯೇ ನನಗೆ ಅನುಮಾನ. ಪಶ್ಚಿಮ ಘಟ್ಟದ ಬಗ್ಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಸಮಿತಿ ವರದಿ ಕೊಟ್ಟಿತು. ಅದರಲ್ಲಿ ವಿಜ್ಞಾನಕ್ಕೇನು ಕೊರತೆಯಿತ್ತು? ಆದರೂ ಘಟ್ಟದ ಊರೂರಿನಲ್ಲಿ ಜನ ಅದರ ವಿರುದ್ಧ ನಿಂತರು.

ಸಂಶೋಧಕಿ: ಪ್ರಶ್ನೆಗೆ ಜಾಗವಿಲ್ಲದ ವೇದಿಕೆಯನ್ನು ನಾನು ಸಮರ್ಥಿಸುವುದಿಲ್ಲ. ಮಾತು ಹತ್ತು ನಿಮಿಷವಾದರೆ ಪ್ರಶ್ನೆಗೆ ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬೇಕು ಎನ್ನುತ್ತೇನೆ. ಮಾತು ಚಿಕ್ಕದಿರಬೇಕು ಎನ್ನುವುದೇ ಅದಕ್ಕೆ. ಉಳಿದ ಹೊತ್ತು ಕೇಳುಗರದ್ದಾಗಲಿ ಎಂದು. ಗಾಡ್ಗೀಳ್ ವರದಿಯ ವಿಷಯ ಎತ್ತಿದಿರಿ, ಅದರಲ್ಲೇ ಇದಕ್ಕೆ ಸಾಕ್ಷಿ ಇದೆ. ವರದಿ ಸರ್ಕಾರದ ಕೈಸೇರಿದ್ದು 2011ರ ಆಗಸ್ಟಿನಲ್ಲಿ. ಜನರ ಕಣ್ಣಿಗೆ ಬಿದ್ದದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನ ಕಾಯಿದೆಯಡಿ ಹೋರಾಡಿದ ಮೇಲೆ. ಯಾವ ಪ್ರದೇಶಕ್ಕೆ ಯಾವ ಮಟ್ಟದ ರಕ್ಷಣೆ ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ಅಂತಿಮಗೊಳಿಸಬೇಕು ಎಂಬ ಆಶಯ ವರದಿಯಲ್ಲೇ ಇತ್ತು. ಆ ಚರ್ಚೆ ನಡೆಯಲಿಲ್ಲ. ಇಂಗ್ಲಿಷಿನ ದೊಡ್ಡ ವರದಿಯ ಬಗ್ಗೆ ಊರಿನವರಿಗೆ ಮೊದಲು ಸಿಕ್ಕಿದ್ದು ಮನೆ ಮಠ ಬಿಟ್ಟು ಹೋಗಬೇಕಾಗುತ್ತದೆ ಎಂಬ ಗಾಳಿಸುದ್ದಿ. ವಿಜ್ಞಾನ ಸೋತಿತು ಎನ್ನಲು ಅದು ಊರಿಗೆ ಹೋಗಿರಬೇಕಿತ್ತು, ಮೇಷ್ಟ್ರೇ. ಹೋಗಿ ಮಾತಾಡಿದ ಮೇಲೂ ಅಡಿಕೆ ಬೆಳೆಗಾರರು, ಕಾಫಿ ತೋಟದವರು ಬೇಡವೆನ್ನಬಹುದಿತ್ತು, ಅದು ಅವರ ಹಕ್ಕು. ಆಗ ಆ ಬೇಡಕ್ಕೆ ಒಂದು ಕಾರಣ ಇರುತ್ತಿತ್ತು, ಆ ಕಾರಣದಿಂದ ವರದಿಯೂ ತಿದ್ದಿಕೊಳ್ಳುತ್ತಿತ್ತು.

ಕೇಳುಗರಿಗೆ ಪ್ರಶ್ನಿಸುವ ಅರ್ಹತೆ ಇಲ್ಲ ಎಂಬ ಮಾತನ್ನಂತೂ ಒಪ್ಪಲಾರೆ. ಅದೇ ಗಾಡ್ಗೀಳರು 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರಿನ ಅಧ್ಯಯನಕ್ಕೆ ಇಳಿದರು. ಕಾಗದದ ಕಾರ್ಖಾನೆಗೆ ಬಿದಿರು ಹೋಗುತ್ತಿತ್ತು, ಕಾಡಿನಲ್ಲಿ ಬಿದಿರು ಬರಿದಾಗುತ್ತಿತ್ತು. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿ ತೆಗೆದರೆ ಹೊಸ ಬಿದಿರು ಸಲೀಸಾಗಿ ಏಳುತ್ತದೆ ಎಂದು ಅರಣ್ಯಶಾಸ್ತ್ರದ ಪಾಠ ಹೇಳುತ್ತಿತ್ತು, ಸವರುತ್ತಿದ್ದರು. ಊರಿನವರು ಹೇಳುತ್ತಿದ್ದುದು ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಅದು ಹೋದರೆ ದನಕರು, ಕಾಡುಪ್ರಾಣಿ ಕಳಲೆಯನ್ನು ತಿಂದುಹಾಕುತ್ತವೆ. ಅಳೆದು ನೋಡಿದಾಗ ಊರಿನವರ ಮಾತೇ ನಿಂತಿತು. ವಿಶ್ವವಿದ್ಯಾಲಯದವರು ಹಳ್ಳಿಗೆ ಹೋಗಿ ಮೆಳೆಯ ಬುಡ ಸವರಬೇಕು ಎಂದು ತೀರ್ಮಾನವನ್ನು ಮಾತ್ರ ಉಪದೇಶಿಸಿ ಬಂದಿದ್ದರೆ ಈ ಅರಿವು ಎಲ್ಲಿಂದ ಬರುತ್ತಿತ್ತು? ಹೇಗೆ ತಿಳಿಯಿತು ಎಂದು ಬಿಚ್ಚಿ ಹೇಳಿದಾಗ ಎದುರಿಗೆ ಕೂತವರಿಗೆ ತಮ್ಮಲ್ಲಿರುವ ಸಾಕ್ಷ್ಯವನ್ನು ತಂದು ಪಕ್ಕದಲ್ಲಿಡಲು ದಾರಿಯಾಗುತ್ತದೆ. 1981ರಲ್ಲಿ ಶಿರಸಿಯಲ್ಲಿ ನಡೆದದ್ದೂ ಇಂಥದೇ. ಬೇಡ್ತಿ ಜಲವಿದ್ಯುತ್ ಯೋಜನೆಯ ಕುರಿತು ಅಲ್ಲಿನ ತೋಟಗಾರರ ಸಹಕಾರ ಸಂಘವೇ ಮುಂದೆ ನಿಂತು ವಿಚಾರ ಸಂಕಿರಣ ನಡೆಸಿತು. ವಿಜ್ಞಾನಿಗಳು, ಎಂಜಿನಿಯರುಗಳು, ಅಡಿಕೆ ತೋಟದವರು ಒಂದೇ ಸಭೆಯಲ್ಲಿ ಮುಳುಗುವ ಕಾಡು, ತೋಟ, ಬರುವ ವಿದ್ಯುತ್ತು ಎಲ್ಲದರ ಲೆಕ್ಕವನ್ನು ಮುಂದಿಟ್ಟುಕೊಂಡರು. ಆ ಮಾತುಗಳು ಪುಸ್ತಕವಾಗಿಯೂ ಬಂದವು. ಮುಂದೆ ಯೋಜನೆಯನ್ನು ಕೈಬಿಟ್ಟದ್ದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು, ಅದನ್ನೆಲ್ಲ ಆ ಒಂದು ಸಭೆಯ ತಲೆಗೆ ಕಟ್ಟುವುದಿಲ್ಲ. ಆದರೆ ರೈತರು ಅಲ್ಲಿ ಕೇಳುಗರಾಗಿ ಮಾತ್ರ ಕೂತಿರಲಿಲ್ಲ ಎಂಬುದಂತೂ ದಿಟ.

ಮೇಷ್ಟ್ರು: ಹಾಗಾದರೆ ಇದು ಹೊಸ ಮಾತೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಇದ್ದದ್ದೇ ಅದಕ್ಕೆ. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು, ಆ ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ ಬರುತ್ತಿದ್ದವು. ಅದಕ್ಕೂ ಮೊದಲು 1918ರ ಹೊತ್ತಿಗೇ ಬೆಳ್ಳಾವೆ ವೆಂಕಟನಾರಣಪ್ಪನವರು ಸಂಗಡಿಗರೊಂದಿಗೆ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಇವತ್ತಿನ ಸಂಶೋಧಕರು ವಿದೇಶದ ಸಮ್ಮೇಳನಕ್ಕೆ ತಯಾರಾದಷ್ಟು ತಮ್ಮ ತಾಲ್ಲೂಕಿನ ಸಭೆಗೆ ತಯಾರಾಗುವುದಿಲ್ಲ. ಅಲ್ಲಿ ಮಾತಾಡಿದರೆ ಬಡ್ತಿಯ ಅರ್ಜಿಯಲ್ಲಿ ಅಂಕ ಬರುವುದಿಲ್ಲವಲ್ಲ. ಮೊದಲು ಅದನ್ನು ಸರಿಮಾಡಲಿ. ಒಂದು ಮಾತು ಒಪ್ಪುತ್ತೇನಮ್ಮ: ಅಳೆದ ಬಗೆಯನ್ನು ಹೇಳುವುದಾದರೆ ಹತ್ತು ನಿಮಿಷ ಸಾಕಾಗಬಹುದು. ಆದರೆ ಹವಾಯಿ, ಆಲ್ಬನಿ, ಲಂಡನ್ ಎಂದರೆ ನಮ್ಮೂರಿನವರಿಗೆ ಅದು ಪುರಾಣದಂತೆ ಕೇಳಿಸುತ್ತದೆ. ಅವರ ಕೈಗೆಟುಕುವ ಅಳತೆ ಯಾವುದಿದೆ?

ಸಂಶೋಧಕಿ: ಇದೆ, ಅದೂ ಪಂಚಾಯಿತಿಯ ಅಂಗಳದಲ್ಲೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳಿವೆ. ರೈತ ಸಂಪರ್ಕ ಕೇಂದ್ರದಲ್ಲಿ ನಿಂತು ಆ ಹೋಬಳಿಯದೇ ದಿನದಿನದ ಮಳೆಯ ಅಂಕಿಯನ್ನು ಗೋಡೆಗೆ ಬರೆದು ಮಾತು ಶುರು ಮಾಡಬಹುದು. ಮೊದಲ ಐದು ನಿಮಿಷ ಆ ಅಂಕಿಗಳನ್ನು ಓದುವ ಬಗೆ: ಮೊತ್ತ ಎಷ್ಟು, ಮಳೆ ಬಿದ್ದ ದಿನಗಳೆಷ್ಟು, ಒಂದು ದಿನದ ದೊಡ್ಡ ಸುರಿತ ಯಾವುದು. ಮುಂದಿನ ಐದು ನಿಮಿಷ ಇನ್ನೂ ಕಷ್ಟದ್ದು: ಈ ಒಂದು ಮಾಪಕದಿಂದ ಹವಾಮಾನ ಬದಲಾಗಿದೆ ಎಂದು ಏಕೆ ಹೇಳಲಾಗದು ಎಂಬುದು. ಒಂದೇ ಜಾಗದ ಮಳೆ ವರ್ಷದಿಂದ ವರ್ಷಕ್ಕೆ ಎಷ್ಟು ಏರಿಳಿಯುತ್ತದೆಂದರೆ ನಿಧಾನದ ಬದಲಾವಣೆ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಪುಣೆಯವರು ದೊಡ್ಡ ಪ್ರದೇಶದ ನೂರಾರು ಕೇಂದ್ರಗಳನ್ನು, ಐವತ್ತು ವರ್ಷಗಳನ್ನು ಒಟ್ಟಿಗೆ ಹಿಡಿದದ್ದು ಅದಕ್ಕಾಗಿಯೇ. ಅಜ್ಜನ ಕಾಲದಲ್ಲೂ ಇಂಥ ಮಳೆ ಬಂದಿತ್ತು ಎಂದು ಯಾರಾದರೂ ಎದ್ದು ಹೇಳುತ್ತಾರೆ. ಬಂದಿರಬಹುದು ಎನ್ನಬೇಕು, ಯಾವ ವರ್ಷ ಎಂದು ಕೇಳಬೇಕು, ಶಾನುಭೋಗರ ದಫ್ತರವೋ ಎಸ್ಟೇಟಿನ ಮಳೆ ಪುಸ್ತಕವೋ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿಸಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆ ಬರೆದಿಡುವ ರೂಢಿ ಹಳೆಯದು. ಬಡ್ತಿಯ ಅಂಕದ ಮಾತು ನೀವು ಹೇಳಿದ್ದು ಸರಿ, ಅದು ವಿಶ್ವವಿದ್ಯಾಲಯಗಳು ಇತ್ಯರ್ಥ ಮಾಡಬೇಕಾದ ವಿಷಯ. ನನ್ನನ್ನು ಕೇಳಿದರೆ, ಭಾಷಣವೊಂದಕ್ಕೆ ಅಂಕ ಕೊಡುವಾಗ ಸಭೆಯಿಂದ ಬಂದ ಪ್ರಶ್ನೆಗಳನ್ನು ಬರೆದು ಲಗತ್ತಿಸಿ ಎನ್ನುತ್ತೇನೆ.

ಮೇಷ್ಟ್ರು: ಪ್ರಶ್ನೆಗಳನ್ನೋ? ಉತ್ತರಗಳನ್ನಲ್ಲವೇ?

ಸಂಶೋಧಕಿ: ಪ್ರಶ್ನೆಗಳನ್ನೇ. ಕೆಟ್ಟಿದೆಯಲ್ಲ, ಈಗೇನು ಮಾಡೋಣ ಎಂದಷ್ಟೇ ಕೇಳಿದ್ದರೆ ಭಾಷಣಕಾರರು ತೀರ್ಮಾನ ಹೇಳಿ ಬಂದಿದ್ದಾರೆ ಎಂದು ತಿಳಿಯಬಹುದು. ಮಾಪಕವನ್ನು ಮರದ ಕೆಳಗೇಕೆ ನೆಟ್ಟಿದ್ದೀರಿ ಎಂದು ಯಾರಾದರೂ ಕೇಳಿದ್ದರೆ ಆ ಭಾಷಣಕ್ಕೆ ಪೂರ್ತಿ ಅಂಕ ಕೊಡಬೇಕು, ಮರುದಿನ ಮಾಪಕವನ್ನು ಬಯಲಿಗೆ ಸರಿಸಬೇಕು.